ಶನಿವಾರ ಗ್ಯಾರೇಜ್, ಭಾನುವಾರ ರೇಸ್, ಸೋಮವಾರ ಆಫೀಸ್: ಹವ್ಯಾಸಿ ರೇಸ್ ಕಾರಿನ ಕಥೆ

ಮೆಕ್‌ಲಾರೆನ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಕಿತ್ತಳೆ ಬಣ್ಣದ ಫಾರ್ಮುಲಾ ಒನ್ ಕಾರು, ಲ್ಯಾಂಡೊ ನಾರಿಸ್, ಎರಡು-ಮೂರು ಸೆಕೆಂಡಲ್ಲಿ ನಾಲ್ಕೂ ಟೈಯರ್ ಬದಲಿಸಿ ಪಕ್ಕಕ್ಕೆ ಸರಿಯೋ ಮೆಕ್ಯಾನಿಕ್‌ಗಳ ದಂಡು, ಅಲ್ವಾ? ಆದರೆ ಆ ಹೆಸರಿನ ಹಿಂದಿರುವ ಮನುಷ್ಯ, ಬ್ರೂಸ್ ಮೆಕ್‌ಲಾರೆನ್, ಮೊದಲ ಸಲ ಸ್ಪರ್ಧೆಗೆ ಇಳಿಸಿದ ಕಾರು ಮನೆಗೆ ಬಂದಿದ್ದು ಓಡಿಕೊಂಡಲ್ಲ. ಬಿಚ್ಚಿಹಾಕಿದ ಬಿಡಿಭಾಗಗಳಾಗಿ, ಡಬ್ಬಗಳಲ್ಲಿ ತುಂಬಿಕೊಂಡು ಬಂತು.

ಊರು ನ್ಯೂಜಿಲೆಂಡ್‌ನ ಆಕ್ಲೆಂಡ್. ಅಪ್ಪ ಲೆಸ್ ಮೆಕ್‌ಲಾರೆನ್‌ದು ಪೆಟ್ರೋಲ್ ಬಂಕ್ ಜೊತೆಗೊಂದು ಗ್ಯಾರೇಜ್. ಮಗನಿಗೆ ಚಿಕ್ಕಂದಿನಲ್ಲೇ ಸೊಂಟದ ಮೂಳೆಯ ಕಾಯಿಲೆ ಬಂದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ. ಎದ್ದು ನಡೆಯುವಾಗ ಒಂದು ಕಾಲು ಗಿಡ್ಡ. ಅಂಥ ಹುಡುಗ ಅಪ್ಪನ ಜೊತೆ ಕೂತು ಆ ಡಬ್ಬಗಳಲ್ಲಿದ್ದ ಹಳೇ ಆಸ್ಟಿನ್ ಸೆವೆನ್ ಕಾರನ್ನು ಒಂದೊಂದೇ ನಟ್ಟು ಹಾಕಿ ಜೋಡಿಸಿದ. 1952ರಲ್ಲಿ ಮುರಿವಾಯ್ ಅನ್ನೋ ಕಡಲತೀರದ ಊರಲ್ಲಿ ಗುಡ್ಡ ಹತ್ತುವ ಸ್ಪರ್ಧೆಗೆ ಅದನ್ನೇ ತಗೊಂಡು ಹೋದ. ಆಗಿನ್ನೂ ಶಾಲೆಗೆ ಹೋಗುವ ವಯಸ್ಸು.

ಇವತ್ತಿನ ಸಂಚಿಕೆ ಆ ಕಾರಿನ ಬಗ್ಗೆ, ಮತ್ತು ಅಂಥ ಕಾರುಗಳನ್ನು ಸ್ವಂತ ಕೈಯಿಂದ ಸಿದ್ಧ ಮಾಡಿ ಟ್ರ್ಯಾಕಿಗೆ ಒಯ್ದವರ ಬಗ್ಗೆ. ರೇಸ್ ಅಂದ್ರೆ ದುಡ್ಡಿದ್ದವರ ಆಟ ಅಂತೀವಿ. ದೊಡ್ಡ ಮಟ್ಟದಲ್ಲಿ ಅದು ನಿಜ. ಆದರೆ ಈ ಆಟಕ್ಕೊಂದು ಹಿತ್ತಿಲ ಬಾಗಿಲಿತ್ತು. ಆ ಬಾಗಿಲ ಕೀಲಿಕೈ ವೇಗ ಆಗಿರಲಿಲ್ಲ, ರಿಪೇರಿ ಕೆಲಸ ಆಗಿತ್ತು.

ಮೊದಲು ಈ ಆಸ್ಟಿನ್ ಸೆವೆನ್ ಏನು ಅಂತ ನೋಡೋಣ. 1921ರಲ್ಲಿ ಇಂಗ್ಲೆಂಡಿನ ಆಸ್ಟಿನ್ ಕಂಪನಿ ಸಾಲದಲ್ಲಿ ಮುಳುಗಿತ್ತು. ಮಾಲೀಕ ಹರ್ಬರ್ಟ್ ಆಸ್ಟಿನ್‌ಗೆ ಒಂದು ಪುಟ್ಟ, ಅಗ್ಗದ ಕಾರು ಮಾಡುವ ಆಸೆ. ಕಂಪನಿಯ ಬೇರೆ ನಿರ್ದೇಶಕರಿಗೆ ಇಷ್ಟವಿಲ್ಲ. ಆತ ಏನು ಮಾಡಿದ ಗೊತ್ತಾ? ಕಾರ್ಖಾನೆಯಿಂದ ಸ್ಟ್ಯಾನ್ಲಿ ಎಡ್ಜ್ ಅನ್ನೋ 18 ವರ್ಷದ ನಕ್ಷೆ ಬರೆಯೋ ಹುಡುಗನನ್ನು ತನ್ನ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಆಡೋ ಕೋಣೆಯಲ್ಲಿ ಕೂರಿಸಿ ಇಡೀ ಕಾರಿನ ನಕ್ಷೆ ಬರೆಸಿದ. 1922ರಲ್ಲಿ ಕಾರು ಹೊರಬಂತು. ಎಂಜಿನ್ ಶುರುವಿನಲ್ಲಿ 696 ಸಿಸಿ, ಸ್ವಲ್ಪ ದಿನಕ್ಕೇ 747 ಸಿಸಿ. ಶಕ್ತಿ ಹತ್ತು ಚಿಲ್ಲರೆ ಹಾರ್ಸ್‌ಪವರ್, ಅಂದರೆ ಈಗಿನ ಒಂದು 125 ಸಿಸಿ ಬೈಕಿಗೆ ಇರುವಷ್ಟು. ತೂಕ ಸುಮಾರು 360 ಕೆಜಿ, ಎರಡು ಬುಲೆಟ್ ಬೈಕುಗಳಿಗಿಂತ ಕಡಿಮೆ. ಬೇಬಿ ಆಸ್ಟಿನ್ ಅಂತ ಅಡ್ಡಹೆಸರು. 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು.

ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ರೇಸ್ ಅಂದರೆ ಬ್ರೂಕ್‌ಲ್ಯಾಂಡ್ಸ್. 1907ರಲ್ಲಿ ಕಟ್ಟಿದ, ತಿರುವುಗಳಲ್ಲಿ ಗೋಡೆಯ ಹಾಗೆ ಎದ್ದು ನಿಂತ ಕಾಂಕ್ರೀಟ್ ಟ್ರ್ಯಾಕ್. ಬರೋರೆಲ್ಲ ಸೂಟು-ಬೂಟಿನ ದೊಡ್ಡ ಮನೆತನದವರು. ಅಲ್ಲೂ ಈ ಪುಟ್ಟ ಕಾರು ಒಂದು ಸಲ ಎಲ್ಲರ ಬಾಯಿ ಮುಚ್ಚಿಸಿತು. 1930ರ 500 ಮೈಲಿ ರೇಸಿನಲ್ಲಿ, ದೊಡ್ಡ ಕಾರುಗಳು ತಡವಾಗಿ ಹೊರಡಬೇಕೆಂಬ ಲೆಕ್ಕಾಚಾರದ ಆಟ ಅದು, ಒಂದು ಆಸ್ಟಿನ್ ಸೆವೆನ್ ಗಂಟೆಗೆ ಸರಾಸರಿ 83 ಮೈಲಿ, ಅಂದರೆ ಸುಮಾರು 134 ಕಿಲೋಮೀಟರ್ ವೇಗದಲ್ಲಿ ಓಡಿ ಗೆದ್ದಿತು. ಓಡಿಸಿದವರು ಸ್ಯಾಮಿ ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್. ಈ ಎರಡನೆಯವನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾನೆ.

ಅದು ಕಂಪನಿಯ ಬೆಂಬಲವಿದ್ದ ಕಾರು. ನಮ್ಮ ಕಥೆಯ ಕಾರು ಬೇರೆ: ಮೂರ್ನಾಲ್ಕು ಕೈ ಬದಲಾಗಿ, ತುಕ್ಕು ಹಿಡಿದು, ಗುಜರಿಗೆ ಹೋಗಬೇಕಾದ ಕಾರು. ಅಂಥವನ್ನು ಇಷ್ಟಪಡುವ ಒಂದಿಷ್ಟು ಜನ 1939ರಲ್ಲಿ ಒಂದು ಕ್ಲಬ್ ಕಟ್ಟಿದರು, 750 ಮೋಟಾರ್ ಕ್ಲಬ್. ಶುರು ಮಾಡಿದವನು ಬಿಲ್ ಬಾಡಿ ಅನ್ನೋ ಪತ್ರಕರ್ತ. ಅದೇ ವರ್ಷ ಯುದ್ಧ ಶುರುವಾಯ್ತು. ಬ್ರೂಕ್‌ಲ್ಯಾಂಡ್ಸ್ ವಿಮಾನ ಕಾರ್ಖಾನೆಯ ಪಾಲಾಯಿತು, ಅಲ್ಲಿ ಮತ್ತೆ ರೇಸ್ ನಡೆಯಲೇ ಇಲ್ಲ.

ಆದರೆ ಯುದ್ಧ ಒಂದು ಕಡೆ ಕಿತ್ತುಕೊಂಡಿದ್ದನ್ನು ಇನ್ನೊಂದು ಕಡೆ ಕೊಟ್ಟಿತು. ಬಾಂಬರ್ ವಿಮಾನಗಳಿಗಾಗಿ ಇಂಗ್ಲೆಂಡಿನ ಹೊಲಗಳ ಮಧ್ಯೆ ನೂರಾರು ರನ್‌ವೇ ಹಾಕಿದ್ದರು. 1945ರ ನಂತರ ಅವೆಲ್ಲ ಖಾಲಿ. ರನ್‌ವೇ ಸುತ್ತ ವಿಮಾನ ನಿಲ್ಲಿಸಲು, ತಿರುಗಿಸಲು ಮಾಡಿದ ರಸ್ತೆ ಇರುತ್ತಲ್ಲ, ಅದೇ ಟ್ರ್ಯಾಕ್ ಆಯ್ತು. ಸಿಲ್ವರ್‌ಸ್ಟೋನ್ ಹುಟ್ಟಿದ್ದು ಹಾಗೆ. 1947ರಲ್ಲಿ ಅಕ್ಕಪಕ್ಕದ ಊರಿನ ಹತ್ತು-ಹನ್ನೆರಡು ಗೆಳೆಯರು ಯಾರನ್ನೂ ಕೇಳದೆ ಅಲ್ಲಿಗೆ ನುಗ್ಗಿ ರೇಸ್ ಮಾಡಿದರು. ಮೇಯುತ್ತಿದ್ದ ಒಂದು ಕುರಿಗೆ ಕಾರು ಗುದ್ದಿ ಕುರಿ ಸತ್ತಿತು. ಜನ ಅದಕ್ಕೆ ‘ಮಟನ್ ಗ್ರಾಂಪ್ರಿ’ ಅಂತ ಹೆಸರಿಟ್ಟರು! ಮರುವರ್ಷ ಅಲ್ಲಿ ಅಧಿಕೃತ ರೇಸ್. ಅದೇ 1948ರ ಸೆಪ್ಟೆಂಬರ್‌ನಲ್ಲಿ ಗುಡ್‌ವುಡ್ ಅನ್ನೋ ಇನ್ನೊಂದು ವಾಯುನೆಲೆಯ ಸುತ್ತುರಸ್ತೆಯೂ ಟ್ರ್ಯಾಕ್ ಆಯ್ತು. ಆ ಜಾಗದ ಮಾಲೀಕ ಯಾರು? ಅದೇ ಅರ್ಲ್ ಆಫ್ ಮಾರ್ಚ್. ಅಷ್ಟೊತ್ತಿಗೆ ಡ್ಯೂಕ್ ಆಫ್ ರಿಚ್ಮಂಡ್ ಆಗಿದ್ದ.

ಟ್ರ್ಯಾಕ್ ಸಿಕ್ಕಿತು. ದುಡ್ಡು? ಪೆಟ್ರೋಲ್‌ಗೆ 1950ರ ಮೇವರೆಗೂ ರೇಷನ್. ಹೊಸ ಕಾರು ಕೈಗೆಟುಕಲ್ಲ. ಅದಕ್ಕೇ 750 ಕ್ಲಬ್ಬಿನವರು ಒಂದು ಕಟ್ಟುಪಾಡು ಮಾಡಿಕೊಂಡರು. ಅದರಲ್ಲಿ ಮುಂದೆ ನಿಂತವನು ಹಾಲೆಂಡ್ ಬರ್ಕೆಟ್, ವೃತ್ತಿಯಲ್ಲಿ ಪಶುವೈದ್ಯ. ಎಲ್ಲರೂ ಆಸ್ಟಿನ್ ಸೆವೆನ್ ಚಾಸಿಯನ್ನೇ ಬಳಸಬೇಕು, ಅದೇ 747 ಸಿಸಿ ಎಂಜಿನ್ ಇರಬೇಕು, ಖರ್ಚು ಕೈಮೀರಬಾರದು. ಇದೇ 750 ಫಾರ್ಮುಲಾ. ಬೇರೆ ರೇಸುಗಳ ನಿಯಮ ಪುಸ್ತಕ ಕಾರು ಎಷ್ಟು ಜೋರಾಗಿರಬಹುದು ಅಂತ ಹೇಳ್ತಿದ್ದರೆ, ಇದು ಜೇಬಿಗೆ ಎಷ್ಟು ಹೊರೆ ಆಗಬಹುದು ಅಂತ ಯೋಚಿಸಿತು. ನನ್ನ ಪ್ರಕಾರ ರೇಸಿನ ಇತಿಹಾಸದಲ್ಲಿ ಇಷ್ಟು ಜಾಣ ನಿಯಮ ಇನ್ನೊಂದಿಲ್ಲ.

ಈಗ ಆ ಕಾಲದ ಒಂದು ಶನಿವಾರ ರಾತ್ರಿ ಊಹಿಸಿಕೊಳ್ಳಿ. ಗುಮಾಸ್ತನೋ, ಮೇಷ್ಟ್ರೋ, ಕಾರ್ಖಾನೆಯಲ್ಲಿ ಲೇತ್ ನಡೆಸೋನೋ ಒಬ್ಬ. ಮನೆ ಹಿಂದಿನ ಶೆಡ್. ನಾಳೆ ಇದೇ ಕಾರಲ್ಲಿ ಟ್ರ್ಯಾಕಿಗೆ ಹೋಗಬೇಕು, ಅಲ್ಲಿ ಮಡ್‌ಗಾರ್ಡು, ಲೈಟು, ಗಾಜು ಬಿಚ್ಚಿಟ್ಟು ರೇಸ್ ಓಡಿಸಬೇಕು, ಮತ್ತೆ ಎಲ್ಲ ಜೋಡಿಸಿಕೊಂಡು ಮನೆಗೆ ಬರಬೇಕು. ಸೋಮವಾರ ಆಫೀಸಿಗೂ ಇದೇ ಕಾರು. ಏನಾದರೂ ಮುರಿದರೆ ಕಪ್ ಮಾತ್ರ ಅಲ್ಲ, ವಾರದ ಓಡಾಟವೂ ಹೋಯ್ತು.

ಮುರಿಯೋದು ಎಲ್ಲಿ ಅಂತ ಅವನಿಗೆ ಚೆನ್ನಾಗಿ ಗೊತ್ತು. ನಾಲ್ಕು ಪಿಸ್ಟನ್ ಹೊತ್ತು ತಿರುಗುವ ಕ್ರ್ಯಾಂಕ್‌ಶಾಫ್ಟ್‌ಗೆ ಈ ಎಂಜಿನ್ನಿನಲ್ಲಿ ಎರಡೇ ಆಸರೆ, ಆ ತುದಿಗೊಂದು ಬೇರಿಂಗ್, ಈ ತುದಿಗೊಂದು. ನಡುವೆ ಏನೂ ಇಲ್ಲ. ಮೂರನೇ ಬೇರಿಂಗ್ ಬಂದಿದ್ದು ಕಡೆಯ ಮೂರ್ನಾಲ್ಕು ವರ್ಷದ ಕಾರುಗಳಲ್ಲಿ ಮಾತ್ರ. ಜೋರಾಗಿ ತಿರುಗಿಸಿದರೆ ಬಟ್ಟೆ ಒಣಹಾಕಿದ ಹಗ್ಗದ ಹಾಗೆ ಶಾಫ್ಟ್ ನಡುವೆ ಬಾಗುತ್ತೆ. ಬಾಗಿ ಬಾಗಿ ಒಂದು ದಿನ ಎರಡು ತುಂಡು. ಇನ್ನು ಆಯಿಲ್ ವ್ಯವಸ್ಥೆ ಕೇಳಿದರೆ ನಗು ಬರುತ್ತೆ. ಈಗಿನ ಎಂಜಿನ್ನಿನಲ್ಲಿ ಶಾಫ್ಟಿನ ಒಳಗೇ ಕೊರೆದ ದಾರಿಯಲ್ಲಿ ಆಯಿಲ್ ಒತ್ತಡದಿಂದ ಹೋಗುತ್ತೆ. ಇದರಲ್ಲಿ ಎರಡು ಸಣ್ಣ ತೂತುಗಳಿಂದ ಆಯಿಲ್ ಪಿಚಕಾರಿಯಂತೆ ಚಿಮ್ಮಿ, ತಿರುಗುತ್ತಿರುವ ಶಾಫ್ಟಿನ ತೋಡಿಗೆ ಬೀಳಬೇಕು. ಬಿದ್ದರೆ ಬದುಕಿದೆ! ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಗುಂಡಿ. ಆಯಿಲ್ ಒತ್ತಡ ಇದ್ದರೆ ಅದು ಹೊರಗೆ ಚಾಚಿಕೊಂಡಿರುತ್ತೆ, ಇಲ್ಲದಿದ್ದರೆ ಒಳಗೆ ಹೋಗುತ್ತೆ. ಆ ಪಿಚಕಾರಿ ತೂತಿಗೆ ಒಂದು ಚೂರು ಕಸ ಸಿಕ್ಕಿಕೊಂಡರೆ ಬೇರಿಂಗಿನ ಮೆತ್ತನೆ ಲೋಹ ಕರಗಿ ಎಂಜಿನ್ ಕಥೆ ಮುಗೀತು. ಹಾಗಾಗಿ ರೇಸಿನ ಹಿಂದಿನ ರಾತ್ರಿಯ ಮೊದಲ ಕೆಲಸ ಎಂಜಿನ್ ಪಕ್ಕದ ಪ್ಲಗ್ ಬಿಚ್ಚಿ, ತೆಳು ತಂತಿಯಿಂದ ಆ ತೂತುಗಳನ್ನು ಚುಚ್ಚಿ ಶುಚಿ ಮಾಡೋದು. ಹತ್ತು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಅದನ್ನು ಮಾಡದವನು ಮರುದಿನ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬರ್ತಿದ್ದ.

ಬ್ರೇಕ್ ಇನ್ನೊಂದು ತಲೆನೋವು. ಬ್ರೇಕ್ ಆಯಿಲ್ ಗೀಯಿಲ್ ಏನಿಲ್ಲ, ಸೈಕಲ್ ಥರ ಕೇಬಲ್. 1930ಕ್ಕಿಂತ ಮುಂಚಿನ ಕಾರುಗಳಲ್ಲಂತೂ ಕಾಲಿನ ಪೆಡಲ್ ಹಿಂದಿನ ಚಕ್ರಕ್ಕೆ, ಕೈಬ್ರೇಕ್ ಮುಂದಿನ ಚಕ್ರಕ್ಕೆ. ನಾಲ್ಕೂ ಕೇಬಲ್ ಸಮ ಬಿಗಿ ಇರಬೇಕು. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತೆ. ಚಕ್ರಗಳನ್ನು ಎತ್ತಿ ನಿಲ್ಲಿಸಿ, ಒಬ್ಬ ಪೆಡಲ್ ಒತ್ತೋದು, ಇನ್ನೊಬ್ಬ ಕೈಯಲ್ಲಿ ಚಕ್ರ ತಿರುಗಿಸಿ ನೋಡೋದು. ಇದಕ್ಕೆ ಹೆಂಡತಿ, ತಮ್ಮ, ಪಕ್ಕದ ಮನೆ ಹುಡುಗ, ಯಾರು ಸಿಕ್ಕರೆ ಅವರು ಸಹಾಯಕ್ಕೆ.

ಈ ಗುಂಪಿನಲ್ಲಿ ಒಬ್ಬ ಕಾಲಿನ್ ಚಾಪ್‌ಮನ್. ಲಂಡನ್ನಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಓದಿನ ಜೊತೆಗೆ ಹಳೇ ಕಾರು ಮಾರುವ ವ್ಯಾಪಾರ. 1947ರಲ್ಲಿ ಸರ್ಕಾರ ಖಾಸಗಿ ಓಡಾಟದ ಪೆಟ್ರೋಲ್ ಕೋಟಾ ನಿಲ್ಲಿಸಿದಾಗ ವ್ಯಾಪಾರ ಮಲಗಿತು. ಮಾರಾಟವಾಗದೆ ಉಳಿದಿದ್ದು ಒಂದು ಮುದಿ ಆಸ್ಟಿನ್ ಸೆವೆನ್. ಗೆಳತಿ ಹೇಜಲ್ ವಿಲಿಯಮ್ಸ್ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಅದರ ಮೈ ಬಿಚ್ಚಿ, ಪ್ಲೈವುಡ್ಡು ಮತ್ತು ಅಲ್ಯೂಮಿನಿಯಂ ಹಾಳೆ ಸೇರಿಸಿ ಹೊಸ ಮೈ ಕಟ್ಟಿದ. ಹೆಸರು ಲೋಟಸ್. ಮೂರನೇ ಕಾರಿನ ಹೊತ್ತಿಗೆ, 1951ರಲ್ಲಿ, ಅವನಿಗೆ ಒಂದು ಐಡಿಯಾ ಹೊಳೀತು. ಆಸ್ಟಿನ್ ಎಂಜಿನ್ನಿನಲ್ಲಿ ಸಿಲಿಂಡರ್ ನಾಲ್ಕು, ಆದರೆ ಪೆಟ್ರೋಲ್-ಗಾಳಿ ಒಳಗೆ ಹೋಗುವ ಬಾಗಿಲು ಎರಡೇ. ಎರಡೆರಡು ಸಿಲಿಂಡರ್ ಒಂದೊಂದು ಬಾಗಿಲನ್ನು ಹಂಚಿಕೊಳ್ಳಬೇಕು. ಒಂದೇ ನಲ್ಲಿಗೆ ಎರಡು ಮನೆ ಪೈಪ್ ಕೊಟ್ಟ ಹಾಗೆ. ಒಬ್ಬರು ತಿರುಗಿಸಿದರೆ ಇನ್ನೊಬ್ಬರಿಗೆ ನೀರಿಲ್ಲ. ಚಾಪ್‌ಮನ್ ಆ ಬಾಗಿಲ ಮಧ್ಯೆ ತೆಳು ಲೋಹದ ತಡಿಕೆ ಇಟ್ಟು ಎರಡನ್ನು ನಾಲ್ಕು ಮಾಡಿದ. ಎಂಜಿನ್ ಅದೇ, ನಿಯಮ ಮುರಿದಿಲ್ಲ. ಉಳಿದವರಿಗೆ ಅವನ ಕಾರಿನ ಹಿಂಭಾಗ ಮಾತ್ರ ಕಾಣಿಸ್ತಿತ್ತು. ಕ್ಲಬ್ಬಿನವರು ಆಮೇಲೆ ನಿಯಮ ಬದಲಿಸಿ ಈ ಉಪಾಯಕ್ಕೆ ತಡೆ ಹಾಕಿದರು. 1952ರ ಜನವರಿ 1ರಂದು ಲೋಟಸ್ ಕಂಪನಿ ಶುರುವಾಯಿತು, ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ. ಮುಂದೆ ಆಕೆ ಅವನ ಹೆಂಡತಿ, ಕಂಪನಿಯ ಪಾಲುದಾರಳೂ ಹೌದು.

1957ರಲ್ಲಿ ಬಂದ ಲೋಟಸ್ ಸೆವೆನ್ ಕಾರಿನ ಒಂದು ಸ್ವಾರಸ್ಯ ಹೇಳಲೇಬೇಕು. ಸಿದ್ಧ ಕಾರಿಗೆ ಆಗ ಭಾರೀ ತೆರಿಗೆ, ಬಿಡಿಭಾಗಗಳ ಮೂಟೆಗೆ ಇಲ್ಲ. ಹಾಗಾಗಿ ಮೂಟೆ ಮಾರಿದರು. ಜೋಡಿಸುವ ವಿಧಾನ ಬರೆದು ಕೊಟ್ಟರೆ ಅದನ್ನು ಸಿದ್ಧ ಕಾರು ಅಂತಲೇ ಲೆಕ್ಕ ಹಾಕ್ತಾರಂತೆ. ಅದಕ್ಕೆ ಲೋಟಸ್‌ನವರು ‘ಬಿಚ್ಚುವ ವಿಧಾನ’ ಅಂತ ಬರೆದು ಕೊಟ್ಟರು, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಜೋಡಿಸಿದರು ಅಂತ ಕಥೆ ಇದೆ.

ಇದೇ ದಾರಿಯಲ್ಲಿ ಇನ್ನೂ ಹಲವರು ಬಂದರು. ಲೋಲಾ ಕಂಪನಿಯ ಎರಿಕ್ ಬ್ರಾಡ್ಲಿ ಶುರು ಮಾಡಿದ್ದು ಇದೇ ಕ್ಲಬ್ಬಿನ ಇನ್ನೊಂದು ಅಗ್ಗದ ವರ್ಗದಲ್ಲಿ, ಫೋರ್ಡ್ 1172 ಸಿಸಿ ಎಂಜಿನ್ ಇಟ್ಟುಕೊಂಡು. ಇವತ್ತು ಫಾರ್ಮುಲಾ ಒನ್ ತಂಡಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲೇ ಯಾಕೆ ಬೀಡುಬಿಟ್ಟಿವೆ ಅಂತ ಕೇಳಿದರೆ, ಉತ್ತರದ ಒಂದು ದೊಡ್ಡ ಭಾಗ ಈ ಶೆಡ್ಡುಗಳಲ್ಲಿದೆ.

ಆದರೆ ಇಲ್ಲಿ ಒಂದು ಕರಾಳ ಮಗ್ಗುಲೂ ಇದೆ, ಅದನ್ನು ಹಾರಿಸೋದು ಸರಿಯಲ್ಲ. ಶೆಡ್ಡಿನಿಂದ ಬಂದವರು ದೊಡ್ಡವರಾದರು, ಕಾರುಗಳು ಹಗುರವಾದವು, ವೇಗ ಏರಿತು. ಒಂದು ಸಣ್ಣ ಪಿನ್ನಿಗೆ, ಒಂದು ಬೋಲ್ಟಿಗೆ ಕಟ್ಟಬೇಕಾದ ಬೆಲೆಯೂ ಏರಿತು. 1970ರ ಜೂನ್ 2ರಂದು ಬ್ರೂಸ್ ಮೆಕ್‌ಲಾರೆನ್ ಗುಡ್‌ವುಡ್‌ನಲ್ಲಿ ತನ್ನದೇ ಹೊಸ ಕಾರನ್ನು ಪರೀಕ್ಷೆ ಮಾಡ್ತಿದ್ದ. ಹೌದು, ಅದೇ ಹಳೇ ವಾಯುನೆಲೆ. ಅಲ್ಲಿ 1966ರಲ್ಲೇ ರೇಸ್ ನಿಂತಿತ್ತು, ಟೆಸ್ಟಿಂಗ್ ಮಾತ್ರ ನಡೀತಿತ್ತು. ನೇರ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿದ್ದಾಗ ಕಾರಿನ ಹಿಂದಿನ ಮೈಹೊದಿಕೆ ಕಿತ್ತು ಹಾರಿತು. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದ ಗಾಳಿಯ ಬಲ ಒಂದೇ ಕ್ಷಣದಲ್ಲಿ ಇಲ್ಲವಾಯಿತು. ಗಿರಗಿರ ತಿರುಗಿ ಪಕ್ಕದ ಕಟ್ಟೆಗೆ ಬಡಿದು ಬ್ರೂಸ್ ಅಲ್ಲೇ ಸತ್ತ. 32 ವರ್ಷ. ಮೂರು ತಿಂಗಳ ನಂತರ ಇಟಲಿಯ ಮೊನ್ಜಾದಲ್ಲಿ ಲೋಟಸ್ ಓಡಿಸುತ್ತಿದ್ದ ಯೋಖೆನ್ ರಿಂಟ್ ಕೂಡ ಹೋದ. ಮುಂದಿನ ಬ್ರೇಕಿನ ಶಾಫ್ಟ್ ಮುರಿದಿದ್ದು ತನಿಖೆಯಲ್ಲಿ ಕಂಡುಬಂತು. ಇಬ್ಬರೂ ತಮ್ಮ ಕಾಲದ ಅತ್ಯುತ್ತಮ ಚಾಲಕರು. ಚಾಲಕ ಎಷ್ಟು ನಿಪುಣನಾದರೂ ಲೋಹಕ್ಕೆ ಅದರ ಪರಿವೆ ಇಲ್ಲ.

ಈಗ ನಮ್ಮ ಕಡೆ ಬರೋಣ. ಯುದ್ಧ ಮುಗಿದ ಮೇಲೆ ಖಾಲಿ ರನ್‌ವೇ ಉಳಿದಿದ್ದು ಇಂಗ್ಲೆಂಡಿನಲ್ಲಿ ಮಾತ್ರ ಅಲ್ಲ. ಚೆನ್ನೈ ಹೊರಗಿನ ಶೋಲಾವರಂನಲ್ಲೂ ಯುದ್ಧಕಾಲದ ಒಂದು ರನ್‌ವೇ ಇತ್ತು. 1953ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ ಮೇಲೆ ದಶಕಗಟ್ಟಲೆ ದಕ್ಷಿಣ ಭಾರತದ ರೇಸ್ ಅಂದ್ರೆ ಶೋಲಾವರಂ. ಆಮದು ಕಷ್ಟ, ಸ್ಪೇರ್ ಪಾರ್ಟ್ ಸಿಗಲ್ಲ. ಕೈಗೆ ಸಿಗೋದು ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಅವನ್ನೇ ಬಿಚ್ಚಿ, ಕೊರೆದು, ಹಗುರ ಮಾಡಿ ಓಡಿಸಿದರು. ವಿಜಯ್ ಮಲ್ಯ ಥರದವರು ಎನ್‌ಸೈನ್ ಅನ್ನೋ ಹಳೇ ಫಾರ್ಮುಲಾ ಒನ್ ಕಾರನ್ನೇ ತಂದು ಅಲ್ಲಿ ಓಡಿಸಿದ್ದೂ ಉಂಟು. ಅದು ಬೇರೆ ಲೋಕ ಬಿಡಿ.

750 ಕ್ಲಬ್ಬಿನ ಲೋಕಕ್ಕೆ ಹತ್ತಿರವಾದದ್ದು ನಡೆದಿದ್ದು ಕೊಯಮತ್ತೂರಿನಲ್ಲಿ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತಲ್ಲ, 796 ಸಿಸಿ, ಮೂರು ಸಿಲಿಂಡರ್. ಆಸ್ಟಿನ್ ಸೆವೆನ್‌ಗೂ ಇದಕ್ಕೂ ಎಂಜಿನ್ ಗಾತ್ರದಲ್ಲಿ 49 ಸಿಸಿ ವ್ಯತ್ಯಾಸ ಅಷ್ಟೇ! ಎಸ್. ಕರಿವರ್ಧನ್ ಅನ್ನೋ ಎಂಜಿನಿಯರ್-ರೇಸರ್ ಈ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದ. ಹೆಸರು ಫಾರ್ಮುಲಾ ಮಾರುತಿ. ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಬಲ್ಲ ಎಂಜಿನ್, ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುವ ಸ್ಪೇರ್. 1990ರಲ್ಲಿ ಶ್ರೀಪೆರಂಬದೂರು ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ತೆರೆದ ಮೇಲೆ ಆ ಕಾರುಗಳು ಅಲ್ಲಿ ಓಡಿದವು. ಅವುಗಳಲ್ಲಿ ಒಂದನ್ನು ಓಡಿಸುತ್ತಾ ಶುರು ಮಾಡಿದ ಹುಡುಗ ನರೇನ್ ಕಾರ್ತಿಕೇಯನ್, 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ. ಕರಿವರ್ಧನ್ ಅದನ್ನು ನೋಡಲಿಲ್ಲ. 1995ರಲ್ಲೇ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡಿದ್ದ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವನ ಹೆಸರಲ್ಲೇ ಇದೆ.

ಬೆಂಗಳೂರಿನ ಹುಡುಗ-ಹುಡುಗಿಯರು ಇವತ್ತು ‘ಟ್ರ್ಯಾಕ್ ಡೇ’ ಅಂತ ಹೋಗೋದು ಈ ಎರಡು ಟ್ರ್ಯಾಕುಗಳಿಗೇ. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಫೀಸು ಕಟ್ಟಿ, ಹೆಲ್ಮೆಟ್ ಹಾಕಿ, ಹದಿನೈದು-ಇಪ್ಪತ್ತು ನಿಮಿಷದ ಸರದಿಗಳಲ್ಲಿ ಸ್ವಂತ ಕಾರನ್ನು ಜೋರಾಗಿ ಓಡಿಸೋದು. ಮುಂದಿನವರು ಜಾಗ ಬಿಟ್ಟರೆ ಮಾತ್ರ ಓವರ್‌ಟೇಕ್. ಕಪ್ ಇಲ್ಲ, ಮೆಡಲ್ ಇಲ್ಲ. ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಂತೂ 1927ರಲ್ಲಿ ಟ್ರ್ಯಾಕ್ ತೆರೆದಾಗಿನಿಂದಲೇ ಟೋಲ್ ಕಟ್ಟಿದ ಯಾರು ಬೇಕಾದರೂ ಓಡಿಸಬಹುದಿತ್ತು.

ಹಳೇ ಸ್ವಿಫ್ಟೋ, ಪೋಲೋನೋ ತಗೊಂಡು ಹೊರಟವರು ಮೊದಲು ದುಡ್ಡು ಸುರಿಯೋದು ಎಲ್ಲಿಗೆ? ಸೈಲೆನ್ಸರ್‌ಗೆ. ಸದ್ದು ಬರುತ್ತೆ, ರೀಲ್ಸ್ ಚೆನ್ನಾಗಿ ಬರುತ್ತೆ. ಆದರೆ ಟ್ರ್ಯಾಕ್ ಕಾರಿನ ಮೊದಲ ಖರ್ಚು ಬ್ರೇಕ್ ಆಯಿಲ್, ಕೆಲವೇ ನೂರು ರೂಪಾಯಿ. ಯಾಕೆ ಅಂತ ಒಂದು ಲೆಕ್ಕ ಹೇಳ್ತೀನಿ. ಸುಮಾರು 800 ಕೆಜಿ ತೂಕದ ಕಾರು 120 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯಬೇಕು ಅಂದುಕೊಳ್ಳಿ. ಆ ಒಂದೇ ಬ್ರೇಕಿಂಗಿನಲ್ಲಿ ಹುಟ್ಟುವ ಶಾಖ ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಒಂದು ಸುತ್ತಿನಲ್ಲಿ ಅಂಥ ನಾಲ್ಕೈದು ಬ್ರೇಕಿಂಗ್, ಒಂದು ಸರದಿಯಲ್ಲಿ ಏಳೆಂಟು ಸುತ್ತು. ಗ್ಯಾಸ್ ಒಲೆ ಮೇಲೆ ಮೂವತ್ತು-ನಲವತ್ತು ಲೀಟರ್ ನೀರು ಕಾಯಿಸುವಷ್ಟು ಶಾಖ ನಾಲ್ಕು ಡಿಸ್ಕು-ಡ್ರಮ್ಮುಗಳಿಗೆ ಸೇರುತ್ತೆ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ. ತೇವ ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಕಾಲು ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ. ಮುಂದೆ ತಿರುವು. ಊರೊಳಗೆ ಎರಡು ವರ್ಷದಿಂದ ಒಂದು ತೊಂದರೆಯನ್ನೂ ಕೊಡದ ಬ್ರೇಕು ಟ್ರ್ಯಾಕಿನ ಐದನೇ ಸುತ್ತಿನಲ್ಲಿ ಕೈಕೊಡೋದು ಹೀಗೆ.

ಆಮೇಲಿನದು ಟೈಯರ್ ಗಾಳಿ. ಓಡಿದಂತೆ ಟೈಯರ್ ಬಿಸಿಯಾಗಿ ಒತ್ತಡ ಏರುತ್ತೆ. ಮೊದಲ ಸರದಿ ಮುಗಿಸಿ ಬಂದ ಕೂಡಲೇ ಗೇಜ್ ಹಿಡಿದು ನೋಡಬೇಕು. ಎಂಜಿನ್ ಆಯಿಲ್ ಮೇಲಿನ ಗುರುತಿನವರೆಗೂ ಇರಬೇಕು. ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದಾಗ ಪಂಪು ಗಾಳಿ ಹೀರಿದರೆ ಆಸ್ಟಿನ್‌ನ ಪಿಚಕಾರಿ ಮುಚ್ಚಿಕೊಂಡಾಗ ಆಗ್ತಿದ್ದ ಗತಿಯೇ. ಡಿಕ್ಕಿಯ ಜ್ಯಾಕು, ಸ್ಟೆಪ್ನಿ, ಸೀಟಿನ ಕೆಳಗಿನ ನೀರಿನ ಬಾಟಲಿ ಎಲ್ಲ ಹೊರಗೆ. ಆ ಬಾಟಲಿ ಉರುಳಿ ಬ್ರೇಕ್ ಪೆಡಲ್ ಅಡಿಗೆ ಹೋದರೆ ಎಷ್ಟು ಒಳ್ಳೆ ಬ್ರೇಕ್ ಆಯಿಲ್ ಇದ್ದರೂ ಉಪಯೋಗವಿಲ್ಲ. ಬ್ಯಾಟರಿ ಹಿಡಿದಿರುವ ಕ್ಲ್ಯಾಂಪ್ ಅಲ್ಲಾಡ್ತಿದೆಯಾ ನೋಡಿ. ಚಕ್ರದ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರ್‌ನಲ್ಲೇ, ಕಂಪನಿ ಹೇಳಿದಷ್ಟೇ ಬಿಗಿ ಮಾಡಬೇಕು. ಪಂಕ್ಚರ್ ಅಂಗಡಿಯವನ ಥರ ಪಾನಾ ಮೇಲೆ ಹತ್ತಿ ನಿಂತು ಕುಣಿದರೆ ಬೋಲ್ಟು ಒಳಗೊಳಗೇ ಎಳೆದುಕೊಂಡು ದುರ್ಬಲ ಆಗುತ್ತೆ. ರೇಸ್ ಮೆಕ್ಯಾನಿಕ್‌ಗಳು ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಬಣ್ಣದ ಒಂದು ಗೆರೆ ಎಳೀತಾರೆ, ನಟ್ಟಿನಿಂದ ಪಕ್ಕದ ಲೋಹಕ್ಕೆ ದಾಟುವ ಹಾಗೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಮುಖ್ಯ ಬೋಲ್ಟುಗಳ ತಲೆಗೆ ತೂತು ಕೊರೆದು ತಂತಿ ಕಟ್ಟಿ ತಿರುಗದಂತೆ ಮಾಡುವ ವಿದ್ಯೆ ವಿಮಾನಗಳಿಂದ ಬಂದಿದ್ದು. ಹಳೇ ರನ್‌ವೇಗಳ ಮೇಲೆ ಹುಟ್ಟಿದ ಆಟಕ್ಕೆ ಅದೇನೂ ವಿಚಿತ್ರ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಪರಿಸ್ಥಿತಿ ಅವರದಕ್ಕಿಂತ ಇಕ್ಕಟ್ಟು. ಚಾಪ್‌ಮನ್ ಹಳೇ ಆಸ್ಟಿನ್‌ನ ಮೈ ಬದಲಿಸಿ, ಲೋಟಸ್ ಅಂತ ಹೊಸ ಹೆಸರಲ್ಲೇ ನೋಂದಣಿ ಮಾಡಿಸಿ ರಸ್ತೆಯಲ್ಲಿ ಓಡಿಸಿದ. ನಮ್ಮ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಮಾರ್ಪಾಡು ಮಾಡಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿ ಇಲ್ಲದೆ ರೇಸ್ ಮಾಡಿದರೆ ಸೆಕ್ಷನ್ 189ರಲ್ಲಿ ಶಿಕ್ಷೆ ಇದೆ. ಅದು ಸರಿಯೇ, ರಾತ್ರಿ ರಸ್ತೆಯಲ್ಲಿ ಪಂಥ ಕಟ್ಟಿ ಓಡಿಸೋರ ಪರ ನಾನು ಮಾತಾಡಲ್ಲ. ಆದರೆ ಶೆಡ್ಡಿನಲ್ಲಿ ಕೂತು ಕಾರು ಕಟ್ಟಿ, ತಪಾಸಣೆ ಮಾಡಿಸಿಕೊಂಡು, ಅದನ್ನೇ ಓಡಿಸಿಕೊಂಡು ಟ್ರ್ಯಾಕಿಗೆ ಹೋಗುವ ದಾರಿ ನಮ್ಮಲ್ಲಿ ಇಲ್ಲ. ಮಾರ್ಪಡಿಸಿದ ಕಾರನ್ನು ಲಾರಿ ಮೇಲೆ ಸಾಗಿಸಬೇಕು, ಅದಕ್ಕೆ ಮತ್ತೆ ದುಡ್ಡು. ಇಂಗ್ಲೆಂಡಿನ ಗುಮಾಸ್ತನಿಗೆ ಸಿಕ್ಕ ಹಿತ್ತಿಲ ಬಾಗಿಲು ಇಲ್ಲಿ ಅರ್ಧ ಮಾತ್ರ ತೆರೆದಿದೆ. ಹಾಗಾಗಿ ಹೆಚ್ಚಿನವರು ಮೂಲ ರೂಪದ ಕಾರನ್ನೇ, ಬ್ರೇಕ್ ಪ್ಯಾಡು, ಆಯಿಲ್, ಒಳ್ಳೆ ಟೈಯರ್ ಇಷ್ಟನ್ನೇ ಸರಿಮಾಡಿಕೊಂಡು ಹೋಗ್ತಾರೆ. ಕಲಿಯೋಕೆ ಅದು ಧಾರಾಳ ಸಾಕು.

750 ಫಾರ್ಮುಲಾ ಇವತ್ತಿಗೂ ಇಂಗ್ಲೆಂಡಿನಲ್ಲಿ ನಡೀತಿದೆ. ಆಸ್ಟಿನ್ ಎಂಜಿನ್ ಹೋಗಿ ರಿಲಯಂಟ್ ಅನ್ನೋ ಕಂಪನಿಯ ಎಂಜಿನ್ ಬಂತು, ಅದೂ ಹೋಗಿ ಫಿಯೆಟ್‌ನ 1108 ಸಿಸಿ ಬಂದಿದೆ. ಕಾರು ಕಟ್ಟೋದು ಈಗಲೂ ಹೆಚ್ಚಾಗಿ ಓಡಿಸುವವರೇ.

ಇನ್ನು ನೀವು ಹೊರಟಿದ್ದೀರಿ ಅಂದುಕೊಳ್ಳಿ. ಕೊನೆಯ ಸರದಿಯ ಕೊನೆಯ ಸುತ್ತು ನಿಧಾನವಾಗಿ, ಬ್ರೇಕ್ ಮುಟ್ಟದೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಬಿಸಿ ಡ್ರಮ್ಮಿಗೆ ಅಥವಾ ಡಿಸ್ಕಿಗೆ ಕಚ್ಚಿಕೊಳ್ಳುತ್ತೆ. ಗೇರಿನಲ್ಲಿ ಬಿಟ್ಟು, ಚಕ್ರದ ಹಿಂದೆ ಒಂದು ಕಲ್ಲು ಇಡಿ. ಅರ್ಧ ಗಂಟೆ ತಣ್ಣಗಾಗಲಿ. ಅಷ್ಟರಲ್ಲಿ ಟೀ ಕುಡಿದು ಬನ್ನಿ. ಟೈಯರ್ ಗಾಳಿ ರಸ್ತೆಗೆ ಬೇಕಾದಷ್ಟು ಮಾಡಿ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ಟಾರ್ಚ್ ಹಾಕಿ ನೋಡಿ, ಚಕ್ರದ ನಟ್ಟು ಇನ್ನೊಂದು ಸಲ ಪರೀಕ್ಷೆ ಮಾಡಿ, ಕಲ್ಲು ತೆಗೆದು ಹೊರಡಿ. ಶ್ರೀಪೆರಂಬದೂರಿನಿಂದ ಬೆಂಗಳೂರಿಗೆ ಇನ್ನೂ ಸುಮಾರು 300 ಕಿಲೋಮೀಟರ್ ಇದೆ, ಸೋಮವಾರ ಆಫೀಸೂ ಇದೆ.